ಕಾಯಿಲೆಯೋ ಶೋಕಿಯೋ, ತೆರಿಗೆಯವರು ಹೇಳಲಿ

ಮೈ ಇಳಿದ ಮೇಲೆ ಜೋತುಬಿದ್ದ ಚರ್ಮವನ್ನು ನಾನು ಕತ್ತರಿಸಿ ತೆಗೆಸಿಕೊಂಡದ್ದು ಚಿಕಿತ್ಸೆಯೋ, ಈ ವಯಸ್ಸಿನಲ್ಲಿ ಹತ್ತಿದ ಶೋಕಿಯೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಶೋಕಿ ಎಂದವರು ನನ್ನ ಗಂಡನ ಅಕ್ಕ. ನರಿಕೊಂಬಿನಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಅತ್ತಿಗೆಯದು ಕೆಟ್ಟ ಮನಸ್ಸಲ್ಲ. ಆಪರೇಷನ್ ಆದಾಗ ತಿಂಗಳಿಡೀ ನಮ್ಮಿಬ್ಬರಿಗೂ ಊಟ ಕಳಿಸಿದ್ದು ಅವರೇ. ಪಾತ್ರೆ ಇಟ್ಟು ಹೋಗುವಾಗ ಮಾತ್ರ ಒಂದು ಮಾತು ಇಟ್ಟೇ ಹೋಗುತ್ತಿದ್ದರು: "ಸೀರೆ ಉಟ್ಟ ಮೇಲೆ ಒಳಗಿನದ್ದು ಯಾರಿಗೆ ಕಾಣ್ತದೆ ಮಾರಾಯ್ತಿ?"

ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಅಜ್ಜಿಯ ಬಾಯಲ್ಲಿ ದಪ್ಪ ಎಂಬ ಮಾತೇ ಇರಲಿಲ್ಲ. ಇದ್ದದ್ದು 'ಮೈಕೈ ತುಂಬಿಕೊಂಡವಳು'. ತೆಳ್ಳಗಿನವಳು ಎಂಬುದೂ ಇರಲಿಲ್ಲ, ಅವಳು 'ಸೊರಗಿದವಳು'. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಷ್ಟು ಕಾಲ ಮೈಕೈ ತುಂಬಿಕೊಂಡೇ ಇದ್ದೆ. ಸಕ್ಕರೆ ಕಾಯಿಲೆ ಇತ್ತು, ಮೊಣಕಾಲು ಮಡಚುತ್ತಿರಲಿಲ್ಲ, ಎರಡು ಮೆಟ್ಟಿಲು ಹತ್ತಿದರೆ ಉಸಿರು ಬರುತ್ತಿರಲಿಲ್ಲ. ಆಗೆಲ್ಲ ಊರವರು, ಟೀಚರ್ ಒಳ್ಳೆ ಆರೋಗ್ಯದಲ್ಲಿದ್ದಾರೆ ಎನ್ನುತ್ತಿದ್ದರು. ನಿವೃತ್ತಳಾದ ಮೇಲೆ ಡಾಕ್ಟರ ಮಾತು ಕೇಳಿ ಅನ್ನ ಕಡಿಮೆ ಮಾಡಿದೆ, ಹೊಳೆಯ ಬದಿಯ ದಾರಿಯಲ್ಲಿ ನಡೆದೆ, ಅರ್ಧಕ್ಕರ್ಧ ಇಳಿದೆ. ಸಕ್ಕರೆ ಹತೋಟಿಗೆ ಬಂತು. ಮೊಣಕಾಲು ಮಡಚಿತು. ಆಗ ಶುರುವಾಯಿತು ಊರವರ ಕನಿಕರ. ಫರಂಗಿಪೇಟೆಯ ಮದುವೆಯೊಂದರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ನನ್ನ ಕೈ ಹಿಡಿದುಕೊಂಡು, ಯಾವ ಆಸ್ಪತ್ರೆ ಎಂದು ಮೆಲ್ಲಗೆ ಕೇಳಿದರು.

ಇದಕ್ಕೆಲ್ಲ ಆ ಚರ್ಮ ಕಾರಣ. ಅಕ್ಕಿ ಸುರಿದ ಮೇಲೆ ಉಳಿದ ಗೋಣಿಯ ಹಾಗೆ ಜೋತುಬಿದ್ದಿತ್ತು. ಹೊಟ್ಟೆಯ ಮಡಿಕೆಯಲ್ಲಿ ಸೆಕೆಗಾಲದಲ್ಲಿ ಹುಣ್ಣಾಗುತ್ತಿತ್ತು. ಒಂದು ಒಣಗುವಷ್ಟರಲ್ಲಿ ಇನ್ನೊಂದು. ಮಂಗಳೂರಿನ ಡಾಕ್ಟರು ಅದನ್ನು ತೆಗೆಯುವ ಎಂದರು. ತೆಗೆಯುವುದೇ ಆದರೆ ತೋಳಿನದನ್ನೂ ತೆಗೆಯಿರಿ ಎಂದವಳು ನಾನು. ತೋಳಿನಲ್ಲಿ ಹುಣ್ಣಿರಲಿಲ್ಲ. ಎಲ್ಲ ಗೊಂದಲವೂ ಈ ತೋಳಿನದ್ದೇ.

ಅರುವತ್ತು ದಾಟಿದವರು, ವಿಮೆ ಇಲ್ಲದವರು, ಚಿಕಿತ್ಸೆಗೆ ಮಾಡಿದ ಖರ್ಚನ್ನು ಒಂದು ಮಿತಿಯವರೆಗೆ ಆದಾಯದಲ್ಲಿ ಕಳೆದು ತೋರಿಸಬಹುದು ಎಂದು ಯಾರೋ ಹೇಳಿದ್ದರು. ಕೇಳಿದೊಡನೆ ನನಗೆ ಹಣದ ಆಸೆಗಿಂತ ಬೇರೆಯೇ ಒಂದು ಆಸೆ ಹುಟ್ಟಿತು. ತೆರಿಗೆ ಇಲಾಖೆಯೇ ಇದು ಚಿಕಿತ್ಸೆ ಎಂದು ಒಪ್ಪಿದರೆ ಅತ್ತಿಗೆಯ ಮಾತಿಗೆ ಅಲ್ಲಿಗೆ ಮುಕ್ತಾಯ. ಈ ಆಸೆಯನ್ನು ನನ್ನ ಗಂಡನಿಗೂ ಹೇಳಿದೆ, ಅತ್ತಿಗೆಗೂ ಹೇಳಿಬಿಟ್ಟೆ. ಆಗಲಿ, ಸರಕಾರವೇ ಹೇಳಲಿ ಎಂದರು ಅತ್ತಿಗೆ.

ಮೆಲ್ಕಾರಿನಲ್ಲಿ ನಮ್ಮ ಲೆಕ್ಕ ನೋಡುವ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಗಡ್ಡಕ್ಕೆ ಬಿಳಿ ಬಂದಿದೆ, ನನಗೆ ಮಾತ್ರ ಹುಡುಗನೇ. ಗಂಡನೊಡನೆ ಸ್ಕೂಟರಿನಲ್ಲಿ ಹೋದೆ. ಅವನು ಆಸ್ಪತ್ರೆಯ ಬಿಲ್ಲನ್ನು ಎರಡು ಸಲ ಓದಿದ.

"ಟೀಚರ್, ಇದರಲ್ಲಿ ಒಂದು ತೊಂದರೆ ಉಂಟು. ಹೊಟ್ಟೆಯದ್ದಕ್ಕೆ ಹುಣ್ಣು ಅಂತ ಡಾಕ್ಟರ್ ಬರೆದಿದ್ದಾರೆ. ಕೈಯದ್ದು ಯಾಕೆ?"

ಬರೇ ಅಂದಕ್ಕೆ ಮಾಡಿಸಿದ್ದಾದರೆ ಇಲಾಖೆ ಒಪ್ಪುವುದು ಕಷ್ಟ ಎಂದು ತಗ್ಗಿದ ದನಿಯಲ್ಲಿ ವಿವರಿಸಿದ. ನಾನು ಯೋಚಿಸಿದೆ. ಕೈ ಎತ್ತಿದರೆ ಚರ್ಮ ತೂಗುತ್ತಿತ್ತು. ಅದಕ್ಕೆ ನಾಚಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದನ್ನೇ ಬಿಟ್ಟಿದ್ದೆ. ಹಾಗೆ ಹಿಡಿಯದೆ ಒಮ್ಮೆ ಬಿ.ಸಿ. ರೋಡಿನ ತಿರುವಿನಲ್ಲಿ ಬಿದ್ದು ಕೈಯ ಮಣಿಗಂಟು ಊದಿಸಿಕೊಂಡೆ. ಬಿದ್ದದ್ದು ಚರ್ಮದಿಂದಲೋ, ನಾಚಿಕೆಯಿಂದಲೋ? ನಾಚಿಕೆ ಕಾಯಿಲೆಯ ಲೆಕ್ಕಕ್ಕೆ ಬರುತ್ತದೋ? ಇಷ್ಟನ್ನೂ ಅವನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು ನನ್ನ ಗಂಡನ ಮುಖ ನೋಡಿದ. ಅವರು ಫ್ಯಾನು ನೋಡಿದರು.

ಹೊಟ್ಟೆಯ ಖರ್ಚೇ ಮಿತಿ ದಾಟುತ್ತದೆ, ಕೈಯ ಸುದ್ದಿ ಎತ್ತುವುದೇ ಬೇಡ ಎಂದು ಅವನು ಸಮಾಧಾನ ಹೇಳಿ ಕಂಪ್ಯೂಟರಿನ ಕಡೆ ತಿರುಗಿದ. ಸ್ವಲ್ಪ ಹೊತ್ತು ಏನೋ ಒತ್ತಿ ನಕ್ಕ. ತೆರಿಗೆಯ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ನನ್ನ ಪಿಂಚಣಿಗೆ ತೆರಿಗೆಯೇ ಬರುವುದಿಲ್ಲವಂತೆ. ಅದರಲ್ಲಿ ಚಿಕಿತ್ಸೆಯ ಖರ್ಚು ತೋರಿಸಲು ಜಾಗವೂ ಇಲ್ಲ, ಅಗತ್ಯವೂ ಇಲ್ಲ.

"ಹಾಗಾದರೆ ಇದು ಚಿಕಿತ್ಸೆ ಅಂತ ಅವರು ಹೇಳುವುದಿಲ್ಲವಾ?" ಎಂದೆ.

"ಕೇಳುವುದೇ ಇಲ್ಲ ಟೀಚರ್."

ಹಳೆಯದರಲ್ಲೇ ಹಾಕಲು ಆಗುವುದಿಲ್ಲವೇ ಎಂದು ಕೇಳಿದೆ. ಹಾಕಬಹುದು, ಆಗ ತೆರಿಗೆ ಕಟ್ಟಬೇಕು ಎಂದ. ಕಟ್ಟಿದರೆ ಒಪ್ಪಿದ್ದೇವೆ ಎಂದು ಬರೆದು ಕೊಡುತ್ತಾರೋ ಎಂದೆ. ಅವನು ಪೆನ್ನು ಕೆಳಗಿಟ್ಟ.

"ಅಂಥದ್ದು ಯಾರೂ ಬರೆದು ಕೊಡುವುದಿಲ್ಲ. ಸಂಶಯ ಬಂದ್ರೆ ಮಾತ್ರ ಕೇಳ್ತಾರೆ. ಕೇಳದಿದ್ರೆ ಒಪ್ಪಿದ್ದಾರೆ ಅಂತಲ್ಲ, ಕೇಳಲಿಲ್ಲ ಅಂತ ಅಷ್ಟೆ."

ನನ್ನ ಗಂಡ, ದುಡ್ಡು ಕೊಟ್ಟು ಸಂಶಯ ತರಿಸಿಕೊಳ್ಳುವುದು ಯಾಕೆ ಎಂದರು. ಹೊಸದರಲ್ಲೇ ಹಾಕು ಎಂದೆ.

ಮನೆ ಮುಟ್ಟುವಾಗ ಅತ್ತಿಗೆ ನಮ್ಮ ಜಗಲಿಯಲ್ಲೇ ಕುಳಿತಿದ್ದರು. ಸರಕಾರ ಏನು ಹೇಳಿತು ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ತೆರಿಗೆ ಏನೂ ಇಲ್ಲವಂತೆ ಎಂದುಬಿಟ್ಟರು.

"ಒಂದು ಪೈಸೆಯೂ ಹಾಕ್ಲಿಲ್ವಾ?"

"ಇಲ್ಲ."

ಅತ್ತಿಗೆ ತೀರ್ಪು ಕೊಟ್ಟರು. "ಹಾಗಾದ್ರೆ ಅದು ಕಾಯಿಲೆಯೇ. ಶೋಕಿಯಾಗಿದ್ರೆ ಅವರು ಬಿಡುವ ಪೈಕಿಯಾ? ಬಂಗಾರಕ್ಕೆ ಹಾಕ್ತಾರೆ, ಪೌಡರಿಗೂ ಹಾಕ್ತಾರೆ."

ಅದು ಹಾಗಲ್ಲ ಎಂದು ಹೇಳಬೇಕಿತ್ತು. ಅಷ್ಟು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ಆದರೆ ಅದು ಕಾಯಿಲೆಯೋ ಶೋಕಿಯೋ ಎಂಬುದು ನನಗೇ ಗೊತ್ತಿಲ್ಲದಾಗ ಏನೆಂದು ತಿದ್ದುವುದು? ಅತ್ತಿಗೆ ಎದ್ದು ಬಂದು, ಮೊದಲ ಸಲ, ನನ್ನ ತೋಳಿನ ಹೊಲಿಗೆಯ ಗೆರೆಯನ್ನು ಬೆರಳಿನಿಂದ ಮುಟ್ಟಿದರು.

"ಇನ್ನೂ ನೋವು ಉಂಟಾ?"

ನೋವು ಎಂದೋ ಹೋಗಿತ್ತು. ಆದರೆ ಅವರು ಕೇಳಿದ ಮೇಲೆ ಎಲ್ಲೋ ಇದ್ದ ಹಾಗೆಯೂ ಅನಿಸಿತು.

"ಸ್ವಲ್ಪ ಉಂಟು ಅತ್ತಿಗೆ" ಎಂದೆ.