ಕುಂಕುಮ ಹಚ್ಚಿದ ಮುಚ್ಚಳಗಳು

ನನಗೆ ಲೈಸೆನ್ಸು ಬಂದು ಏಳು ತಿಂಗಳಾಗಿದ್ದರೂ ಮಾವ ಪಿಕಪ್ ಗಾಡಿಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ಅದು ಅವರ ಅಂಗಿಯ ಒಳಜೇಬಿನಲ್ಲಿ ವಿಭೂತಿ ಗಟ್ಟಿಯ ಜೊತೆ ವಾಸವಾಗಿತ್ತು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಳಿಗೆರೆಯ ನಮ್ಮ ತೋಟದಲ್ಲಿ ತೆಂಗಿನ ಸಾಲುಗಳ ನಡುವೆ ಓಡಿಸಿ ಕಲಿತಿದ್ದೆ. ಒಂದು ಮರಕ್ಕೂ ತಾಗಿಸಿರಲಿಲ್ಲ. ಸರಿ, ಒಂದಕ್ಕೆ ತಾಗಿಸಿದ್ದೆ. ಅದು ಹೇಗೂ ಕಾಯಿ ಬಿಡದ ಮರ.

ಆ ವರ್ಷ ಆಯುಧಪೂಜೆ ಮುಗಿದ ಮೇಲೆ ನನ್ನ ಅದೃಷ್ಟ ಖುಲಾಯಿಸಿತು. ಡ್ರೈವರ್ ಹಬ್ಬಕ್ಕೆಂದು ಊರಿಗೆ ಹೋದವನು ಬರಲಿಲ್ಲ, ಗಂಡ ಜ್ವರ ಬಂದು ಮಲಗಿದ, ಕೊಬ್ಬರಿ ಚೀಲಗಳು ತಿಪಟೂರಿನ ಮಾರುಕಟ್ಟೆಗೆ ಹೋಗಲೇಬೇಕಿತ್ತು. ಮಾವ ಬಹಳ ಹೊತ್ತು ಮೀಸೆ ತಿರುವಿ, ಕೊನೆಗೆ ಬೀಗದ ಕೈ ತೆಗೆದರು.

"ದಾರೀಲಿ ಯಾರ್ನೂ ಸಹಾಯಕ್ಕೆ ಕರೀದಂಗೆ ಹೋಗ್ಬಂದ್ರೆ ಇದು ನಿಂದೇ ಕಣವ್ವ. ಕರೆದ್ಯೋ, ಆಮೇಲೆ ಆ ಮಾತು ಎತ್ಬೇಡ."

ಅಷ್ಟರಲ್ಲಿ ಅತ್ತೆ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತಾಗಿತ್ತು.

ಗಾಡಿಗೆ ನನ್ನ ಗಂಡ ಬೆಂಗಳೂರಿನಿಂದ ಒಂದು ಹೊಸ ಸಾಮಾನು ತಂದು ಹಾಕಿದ್ದ. ಟೈರಿಗೆ ಗಾಳಿ ತುಂಬುವ ಬಾಯಿಗೆ ತಿರುಪುವ ನಾಲ್ಕು ಮುಚ್ಚಳ, ಸ್ಟೀರಿಂಗ್ ಮುಂದೆ ಅಂಟಿಸುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಂದೊಂದು ಚಕ್ರಕ್ಕೆ ಒಂದೊಂದು ಮುಚ್ಚಳವೆಂದು ಗೊತ್ತುಮಾಡಿತ್ತು; ಯಾವ ಚಕ್ರದಲ್ಲಿ ಗಾಳಿ ಇಳಿಯಿತೋ ಆ ಚಕ್ರದ ಕೆಂಪು ದೀಪ ಹತ್ತಿ ಪೆಟ್ಟಿಗೆ ಕಿರುಚಿಕೊಳ್ಳುತ್ತಿತ್ತು. ಮಾವನಿಗೆ ಅದರ ಮೇಲೆ ಕವಡೆ ಕಾಸಿನ ನಂಬಿಕೆ ಇರಲಿಲ್ಲ. ಅವರು ದಿನಾ ಬೆಳಿಗ್ಗೆ ಕೋಲಿನಿಂದ ಟೈರಿಗೆ ಬಡಿದು, ಸದ್ದು ಕೇಳಿಯೇ ಗಾಳಿ ನೋಡುತ್ತಿದ್ದರು.

ಊರು ದಾಟಿ ಎರಡು ಮೈಲಿ ಹೋಗಿರಬೇಕು, ನಾನು ಖುಷಿಗೆ ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದೆ. ಪೆಟ್ಟಿಗೆ ಕಿರುಚಿತು. ಮುಂದಿನ ಎಡಗಡೆಯ ಚಕ್ರದ ದೀಪ ಕೆಂಪಗೆ ಮಿಟುಕುತ್ತಿತ್ತು.

ಹುಣಸೆಮರದ ಕೆಳಗೆ ನಿಲ್ಲಿಸಿ, ಸೀರೆ ಎತ್ತಿ ಸಿಕ್ಕಿಸಿ, ಕಾಲಲ್ಲಿ ತುಳಿಯುವ ಪಂಪು ಹಚ್ಚಿ ತುಳಿದೆ. ಮುಚ್ಚಳ ತಿರುಪಿ ಗಾಡಿ ಹತ್ತಿದರೆ ಮತ್ತೆ ಕಿರುಚು. ಅತ್ತೆ ಇಳಿದು ತುಳಿದರು. ಮತ್ತೆ ಕಿರುಚು. ಇಬ್ಬರೂ ಕೈ ಕೈ ಹಿಡಿದುಕೊಂಡು, ಒಂದೊಂದು ಕಾಲು ಪಂಪಿನ ಮೇಲಿಟ್ಟು ಕುಣಿಯುತ್ತಿದ್ದಾಗ ಬೈಕಿನವನೊಬ್ಬ ನಿಂತ.

"ಏನಾಯ್ತ್ರವ್ವ? ಯಾರ್ನಾರ ಕರ್ಕಂಬರ್ಲಾ?"

"ಬ್ಯಾಡಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿದ ರಭಸಕ್ಕೆ ಅವನು ಹಿಂದೆ ನೋಡದೆ ಹೋದ.

ನಗು ತಡೆಯಲಾಗದೆ ನಾನು ಅಲ್ಲೇ ಕುಸಿದು ಕೂತೆ. ಆಗ ಕೈಯಲ್ಲಿದ್ದ ಮುಚ್ಚಳದ ಮೇಲೆ ಕುಂಕುಮ ಕಂಡಿತು.

"ಅತ್ತೆ, ಇದಕ್ಕೆ ಪೂಜೆ ಯಾರು ಮಾಡಿದ್ದು?"

"ನಾನೇ ಕಣೇ. ಮಚ್ಚು, ಕುಡ್ಲು, ಗುದ್ಲಿ ಎಲ್ಲಕ್ಕೂ ಮಾಡಿ ಇವನ್ನ ಬುಡಕ್ಕಾಯ್ತದಾ? ಬಿಚ್ಚಿ, ಹುಣಸೇಹಣ್ಣಾಕಿ ತೊಳ್ದು, ತಟ್ಟೇಲಿಟ್ಟು ಊದ್ಗಡ್ಡಿ ಬೆಳಗ್ದೆ."

"ಆಮೇಲೆ ಯಾವುದನ್ನ ಯಾವುದಕ್ಕೆ ಹಾಕಿದ್ರಿ?"

ಅತ್ತೆ ಆಕಾಶ ನೋಡಿದರು. "ನಾಕೂ ಒಂದೇ ತರ ಇದ್ವಲ್ಲ..."

ನಮಗೆ ಮತ್ತೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಮುಚ್ಚಳಗಳೆಲ್ಲ ಅದಲುಬದಲಾಗಿದ್ದವು. ಗಾಳಿ ಇಳಿದದ್ದು ಬೇರೆ ಚಕ್ರದಲ್ಲಿ, ಆದರೆ ಯಾವುದರಲ್ಲಿ? ಕೊಬ್ಬರಿಯ ಭಾರಕ್ಕೆ ಎಲ್ಲ ಟೈರುಗಳೂ ಒಂದೇ ಸಮ ಒತ್ತಿಕೊಂಡಂತೆ ಕಾಣುತ್ತಿದ್ದವು.

ಅತ್ತೆ ಜಾಕಿನ ರಾಡು ಎತ್ತಿಕೊಂಡರು. ಮದುವೆಯಾಗಿ ಬಂದ ದಿನದಿಂದ ಅಟ್ಟದ ಮೇಲಿನ ಕಾಯಿಗಳನ್ನು ಒಂದೊಂದಾಗಿ ಕುಟ್ಟಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿದೆಯೋ ಇನ್ನೂ ಹಸಿಯೋ ಎಂದು ಹೇಳಿದವರು ಅವರು. ಒಂದು ದಿನವೂ ಅವರ ಕಿವಿ ತಪ್ಪಿದ್ದನ್ನು ನಾನು ಕಂಡಿಲ್ಲ. ಬಗ್ಗಿ, ಬಡಿದು, ಕಣ್ಣುಮುಚ್ಚಿ ಕೇಳುತ್ತಾ ಗಾಡಿ ಸುತ್ತಿದರು.

"ಇದು ಒಣಗಿದೆ. ಇದೂ ಒಣಗಿದೆ." ಹಿಂದಿನ ಬಲಗಡೆ ಬಂದು ನಿಂತರು. "ಇದು ಹಸಿ ಕಣೇ!"

ಅದಕ್ಕೆ ತುಳಿದೆವು. ಪೆಟ್ಟಿಗೆ ತಣ್ಣಗಾಯಿತು. ತಿಪಟೂರಿನಲ್ಲಿ ಪಂಕ್ಚರ್ ಅಂಗಡಿಯವನು ಅದೇ ಟೈರಿನಿಂದ ಬೆರಳುದ್ದದ ಜಾಲಿಮುಳ್ಳು ಕಿತ್ತ. ಅಂಗಡಿಗೆ ನಾವೇ ಹೋಗುವುದು ಯಾರನ್ನೂ ಕರೆದಂತೆ ಆಗುವುದಿಲ್ಲ ಎಂದು ಅತ್ತೆ ಚಿತ್ರಾನ್ನ ತಿನ್ನುತ್ತಾ ತೀರ್ಪು ಕೊಟ್ಟರು.

ಕೊಬ್ಬರಿ ಇಳಿಸಿ ಮನೆಗೆ ಬಂದಾಗ ಮಾವ ಜಗಲಿಯಿಂದ ಎದ್ದು ಬಂದು ಕೋಲಿನಿಂದ ಟೈರುಗಳಿಗೆ ಬಡಿದರು. ಹಿಂದಿನ ಬಲಗಡೆಯದಕ್ಕೆ ಎರಡು ಸಲ.

"ಬೆಳಿಗ್ಗೆ ಇದ್ರಲ್ಲಿ ಗಾಳಿ ಕಮ್ಮಿ ಇತ್ತು. ತುಂಬ್ಕಂಡ್ರಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅತ್ತೆಗೆ ಅಷ್ಟೂ ಹಿಡಿಯಲಿಲ್ಲ.

"ಗೊತ್ತಿದ್ದೂ ಕಳಿಸಿದ್ರಾ? ಆ ಗಾಡೀಲಿ ನಾನೂ ಕೂತಿದ್ದೆ ಕಣ್ರೀ!"

"ಇವ್ಳು ಪತ್ತೆ ಮಾಡ್ತಾಳಾ ನೋಡಾನ ಅಂತ..." ಎನ್ನುತ್ತಾ ಮಾವ ಅಭ್ಯಾಸದಂತೆ ಬೀಗದ ಕೈಗೆ ಕೈ ಚಾಚಿದರು. ಅತ್ತೆ ಅದನ್ನು ನನ್ನಿಂದ ಕಸಿದುಕೊಂಡು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು.

"ಸೋಮ್ವಾರ ನಾವಿಬ್ರೂ ಹುಳಿಯಾರಿಗೆ ನಮ್ಮಕ್ಕನ ಮನೆಗೆ ಹೋಯ್ತೀವಿ. ಮುದ್ದೆ ನೀವೇ ತಿರುವ್ಕಳಿ."

ಚಾಚಿದ ಕೈಯನ್ನು ಏನು ಮಾಡುವುದೆಂದು ಮಾವನಿಗೆ ತಿಳಿಯಲಿಲ್ಲ. ಅದು ಒಳಜೇಬಿಗೆ ಹೋಗಿ, ಒಂಟಿಯಾಗಿ ಉಳಿದಿದ್ದ ವಿಭೂತಿ ಗಟ್ಟಿಯನ್ನು ಹಿಡಿದು ಹೊರಬಂತು. ಅವರು ನನ್ನ ಹಣೆಗೆ ಒಮ್ಮೆ, ಗಾಡಿಯ ಮೂತಿಗೆ ಒಮ್ಮೆ ಎಳೆದು, ಒಳಗೆ ಹೋದರು.