ಘಟ್ಟದ ಕಲ್ಲಿಗೆ ಎರಡರ ಲೆಕ್ಕ

ಇಲ್ಲಿ ನೀರು ಎದ್ದು ಹೋಗುತ್ತದೆ. ಸುಳ್ಳು ಹೇಳುತ್ತಿಲ್ಲ. ಕುಮಟೆಗೆ ಬಂದ ಮೊದಲ ದಿನ ಬೆಳಿಗ್ಗೆ ದಕ್ಕೆಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ, ಮುಖ ತೊಳೆಯಲು ಹೋದೆ. ನೀರು ಕಟ್ಟೆಯ ಅಂಚಿಗೆ ಬಂದು ನಿಂತಿತ್ತು. ಬಾಯಿಗೆ ಹಾಕಿದರೆ ಉಪ್ಪು. ಉಗುಳಿ ಬಂದೆ. ಊಟದ ಹೊತ್ತಿಗೆ ಮತ್ತೆ ಹೋದರೆ ನೀರೇ ಇಲ್ಲ. ಕೆಸರು, ಏಡಿ, ಮಗ್ಗುಲಾಗಿ ಬಿದ್ದ ದೋಣಿಗಳು. ನಮ್ಮ ಕಡೆ ಒಂದು ಕೆರೆ ಬತ್ತಬೇಕಾದರೆ ಇಡೀ ಬೇಸಿಗೆ ಬೇಕು. ಇಷ್ಟು ನೀರನ್ನು ಅರ್ಧ ದಿನದಲ್ಲಿ ಯಾರು ಕುಡಿದರು? ಯಾರೋ ತೂಬು ಎತ್ತಿದ್ದಾರೆಂದು ಕೂಗಾಡಿದೆ. ಅಲ್ಲೇ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನು ಮಾರುವವಳು ನಕ್ಕು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಹೆಸರು ನಾಗಮ್ಮ.

"ಅಜ್ಜಿ, ಸಮುದ್ರಕ್ಕೆ ತೂಬು ಉಂಟಾ? ಇದು ಇಳಿತ. ಸಂಜೆಗೆ ಭರತಿ ಬರ್ತದೆ, ನೀರು ತಿರುಗಿ ಮೇಲೆ ಬರ್ತದೆ."

"ಯಾರು ತರತಾರ?"

"ಯಾರೂ ತರೂದಿಲ್ಲ. ಅದೇ ಬರ್ತದೆ."

ನಂಬಲಿಲ್ಲ. ಸಂಜೆಯವರೆಗೆ ಅಲ್ಲೇ ಕುಳಿತೆ. ಬಂತು. ಮೊದಲು ದೋಣಿಗಳ ಕೆಳಗೆ ನಾಲಿಗೆ ಚಾಚಿದ ಹಾಗೆ ಬಂತು, ಆಮೇಲೆ ಒಂದೊಂದೇ ದೋಣಿಯನ್ನು ಎಬ್ಬಿಸಿ ನಿಲ್ಲಿಸಿತು. ಇಷ್ಟು ವಯಸ್ಸಾಗುವ ತನಕ ನಾನು ಯಾವುದಕ್ಕೂ ಬಾಯಿ ತೆರೆದು ನಿಂತವಳಲ್ಲ. ಅಂದು ನಿಂತೆ.

ನಾನು ಬಸವ್ವ, ಗಜೇಂದ್ರಗಡದವಳು. ಊರ ಮಂದಿಗೆಂದು ಇದನ್ನು ಬರೆಯುತ್ತಿದ್ದೇನೆ. ಓದಬಲ್ಲವರು ಓದಿ, ಓದಲಾರದವರಿಗೆ ಹೇಳಿರಿ. ಅಕ್ಷರ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಮುದುಕಿಯಾದ ಮೇಲೆ. ತಪ್ಪಿದ್ದರೆ ತಿದ್ದಿಕೊಳ್ಳಿರಿ, ನನಗೆ ಹೇಳಿ ಕಳಿಸಬೇಡಿರಿ.

ಯಾಕೆ ಬಂದೆ ಎಂದರೆ ಹೊಟ್ಟೆಗಾಗಿ. ಬೇರೆ ಕಥೆಯಿಲ್ಲ. ಗಂಡ ಸತ್ತ, ಮಗ್ಗ ಮೈದುನನ ಪಾಲಾಯಿತು. ನನ್ನ ತಮ್ಮ ಈರಪ್ಪ ಬಂಡಿ ಹೊಡೆಯುವವನು. ರೋಣ, ನರಗುಂದ, ನಮ್ಮ ಗಜೇಂದ್ರಗಡ ಅಂದರೆ ಗಡದ ಅರಳೆಯೆಲ್ಲ ಈಗ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತದೆ, ಇಲ್ಲಿಂದ ಹಡಗು ಹತ್ತುತ್ತದೆ. ಬಂಡಿಯವರಿಗೆ ಇಲ್ಲಿನ ಗಂಜಿ ಹಿಡಿಸದು. "ಅಕ್ಕಾ, ಅಲ್ಲಿ ಬಂದು ರೊಟ್ಟಿ ಬಡಿ, ನಾವು ಜೋಳ ತರತೀವಿ," ಎಂದ. ಅರಳೆಯ ಅಂಡಿಗೆಯ ಮೇಲೆ ಕುಳಿತು ಬಂದೆ. ಒಂದು ಹಂಗಾಮಿಗೆಂದು ಬಂದವಳು ಐದು ಹಂಗಾಮು ಕಳೆದೆ.

ನಾಗಮ್ಮನ ಹಿತ್ತಲಲ್ಲಿ ನನ್ನ ಗುಡಿಸಲು. ತೆಂಗಿನ ಗರಿಯನ್ನು ಹೆಣೆದು ಮಾಡು ಹೊದಿಸುತ್ತಾರೆ, ಅದಕ್ಕೆ ಮಡಲು ಎನ್ನುತ್ತಾರೆ. ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಬಹುದು, ಮಲಗಬಹುದು, ಪಕ್ಕದ ಮನೆಯವಳ ಜೊತೆ ಜಗಳವಾಡಬಹುದು. ಇಲ್ಲಿನ ಮಾಡು ಇಳಿಜಾರು. ಬೆಕ್ಕು ಕೂಡ ಜಾರುತ್ತದೆ. ನಾಗಮ್ಮನ ಮೀನಿನ ವಾಸನೆಗೆ ಮೊದಲು ಮೂಗು ಕಟ್ಟಿಕೊಂಡೆ. ಅವಳು ನನ್ನ ರೊಟ್ಟಿ ಬಡಿಯುವ ಸದ್ದಿಗೆ ಕಿವಿ ಮುಚ್ಚಿಕೊಂಡಳು. ಈಗ ಇಬ್ಬರಿಗೂ ರೂಢಿಯಾಗಿದೆ. ಮಾತೂ ಹಾಗೆಯೇ. ಅವಳು ಮಾಡುವುದು ಕನ್ನಡವೇ, ಆದರೆ ಅರ್ಧ ಮಾತನ್ನು ನುಂಗಿ ಅರ್ಧವನ್ನು ಎಳೆಯುತ್ತಾಳೆ. ನಾನು ಮಾತಾಡಿದರೆ ಬೈದಂತೆ ಕೇಳುತ್ತದಂತೆ. ಎಷ್ಟೋ ಸಲ ಬೈದದ್ದೇ.

ಮಳೆಗಾಲದಲ್ಲಿ ಬಂಡಿಗಳು ಬರುವುದಿಲ್ಲ. ನಾಲ್ಕು ತಿಂಗಳು ನಮ್ಮ ಕಡೆಯ ಒಂದು ಮಾತು ಕಿವಿಗೆ ಬೀಳುವುದಿಲ್ಲ. ಆಗ ನಾನು ಒಲೆಯ ಜೊತೆ ಮಾತಾಡುತ್ತೇನೆ.

ಈಗ ಕಲ್ಲುಗಳ ಸಂಗತಿ. ಸಮುದ್ರ ಬಿಟ್ಟರೆ ನಾನು ಬೆರಗಾದದ್ದು ಅವುಗಳನ್ನು ನೋಡಿ. ಸರ್ಕಾರದವರು ಹೊಸ ರಸ್ತೆ ಮಾಡಿ, ಅದರ ಬದಿಗೆ ಸರಪಳಿ ಹಿಡಿದು ಅಳೆದು, ಒಂದೇ ಅಳತೆಗೆ ಒಂದೊಂದು ಕಲ್ಲು ನೆಟ್ಟಿದ್ದಾರೆ. ಬರುವಾಗ ಮೊದಲ ಕಲ್ಲು ಕಂಡು, ದಾರಿ ಕಾಯುವ ದೇವರಿರಬೇಕೆಂದು ಬಂಡಿಯಿಂದ ಇಳಿದು ಕೈಮುಗಿದು ವಿಭೂತಿ ಹಚ್ಚಿದೆ. ಸ್ವಲ್ಪ ದೂರಕ್ಕೆ ಇನ್ನೊಂದು. ಅದಕ್ಕೂ ಹಚ್ಚಿದೆ. ನಾಲ್ಕನೆಯದಕ್ಕೆ ಈರಪ್ಪ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ.

"ಅಕ್ಕಾ, ಹಿಂಗ ಎಲ್ಲಾ ಕಲ್ಲಿಗೂ ಇಳದ್ರ ಬರೂ ದೀಪಾವಳಿಗೆ ಮುಟ್ಟತೀವಿ. ಅದು ದೇವರಲ್ಲ, ಹಾದಿ ಲೆಕ್ಕ."

ಹಾದಿಗೆ ಲೆಕ್ಕ! ನಮ್ಮಲ್ಲಿ ಪಕ್ಕದ ಊರು ಸೂಡಿ ಎಷ್ಟು ದೂರ ಎಂದು ಕೇಳಿದರೆ 'ಎರಡು ಸಲ ಎಲಿ ಅಡಕಿ ಹಾಕ್ಕೊಳ್ಳೂದ್ರಾಗ' ಎನ್ನುತ್ತಾರೆ. ಹುಡುಗಿ ತವರಿಗೆ ಹೋಗುವಾಗ ಹತ್ತಿರ, ಗಂಡನ ಮನೆಗೆ ಹೋಗುವಾಗ ದೂರ. ಇಲ್ಲಿ ಹಾಗಲ್ಲ. ಸಾಹೇಬ ಬಂದರೂ ಅಷ್ಟೇ ಕಲ್ಲು, ನಾನು ಬಂದರೂ ಅಷ್ಟೇ ಕಲ್ಲು. ದಾರಿ ಯಾರ ಮುಖವನ್ನೂ ನೋಡುವುದಿಲ್ಲ. ನಾನು ಅಂಕಿ ಕಲಿತದ್ದು ಆ ಕಲ್ಲುಗಳಿಂದಲೇ, ಅಕ್ಷರ ಬಂದದ್ದು ಆಮೇಲೆ.

ನಮ್ಮ ಕಡೆ ಬಂಡಿ ಬಾಡಿಗೆ ಹೇಗೆ ಗೊತ್ತಾಗುತ್ತದೆ ಎನ್ನುವುದು ನಿಮಗೆ ತಿಳಿದದ್ದೇ. ಮಜಲಿನ ಲೆಕ್ಕ. ಎತ್ತು ಎಲ್ಲಿ ನೊಗ ಬಿಚ್ಚಿಸಿಕೊಂಡು ಮಲಗಿ ಮೆಲುಕು ಹಾಕುತ್ತದೋ ಅಲ್ಲಿಗೆ ಒಂದು ಮಜಲು. ನಮ್ಮ ಅಜ್ಜಂದಿರ ಎತ್ತುಗಳು ಮಲಗಿದ ಜಾಗವೇ ಇಂದಿಗೂ ಮಜಲು. ಕುಳಿತು ಬರುವವರಿಗೆ ಬೇರೆ. ಸೂಡಿಯಿಂದ ಗಡಕ್ಕೆ ಒಂದು ಸೇರು ಜೋಳ, ಬಡವಿಯಾದರೆ ಅರ್ಧ, ಗೌಡನಾದರೆ ಏನೂ ಇಲ್ಲ. ಗೌಡನಿಂದ ಕೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಈ ಹಂಗಾಮಿನಲ್ಲಿ ಇಲ್ಲಿನ ಅರಳೆ ಸಾವಕಾರರು ಬಂಡಿಯವರನ್ನೆಲ್ಲ ಕರೆದು ಹೇಳಿದರು: ಇನ್ನು ಮಜಲು ಗಿಜಲು ಬೇಡ, ಕಲ್ಲಿಗೆ ಇಷ್ಟು ಎಂದು ಬಾಡಿಗೆ. ಕೇಳಿದರೆ ನ್ಯಾಯವೇ. ಆದರೆ ನಡುವೆ ಘಟ್ಟವಿದೆ. ಇಳಿಯುವಾಗ ಬಂಡಿಯ ಹಿಂದೆ ದಿಮ್ಮಿ ಕಟ್ಟಿ ಎಳೆಸಬೇಕು, ಇಲ್ಲದಿದ್ದರೆ ಬಂಡಿಯೇ ಎತ್ತಿನ ಮೇಲೆ ಬೀಳುತ್ತದೆ. ಉಪ್ಪು ತುಂಬಿಕೊಂಡು ಏರುವಾಗ ಇನ್ನೊಂದು ಜೋಡಿ ಎತ್ತು ಹೂಡಬೇಕು. ಕಲ್ಲಿನ ಬಾಡಿಗೆ ಮಾತ್ರ ಬಯಲಿನಲ್ಲಿದ್ದಷ್ಟೇ.

ಈರಪ್ಪ ಬಂದು ನನ್ನ ಒಲೆಯ ಮುಂದೆ ಕುಳಿತ. ರೊಟ್ಟಿ ಮುರಿದ, ತಿನ್ನಲಿಲ್ಲ.

"ಇದ ಕಡೀ ಸಲ ಅಕ್ಕಾ. ನಾ ಅಷ್ಟ ಅಲ್ಲ, ಗಡದ ಬಂಡಿ ಒಂದೂ ಬರೂದಿಲ್ಲ. ಎತ್ತು ಸತ್ತ ಮ್ಯಾಲ ಆ ಕಲ್ಲು ಏನು ಬಂಡಿ ಎಳೀತಾವ?"

"ಮತ್ತ ನಾನು?"

"ನೀನೂ ಗಂಟು ಕಟ್ಟು."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಬಂಡಿ ಬರದಿದ್ದರೆ ಜೋಳವಿಲ್ಲ. ಜೋಳವಿಲ್ಲದಿದ್ದರೆ ಬಸವ್ವನ ರೊಟ್ಟಿಯಿಲ್ಲ. ಅಲ್ಲಿ ಗಡದಲ್ಲಿ ಮೈದುನನ ಅಂಗಳದ ಮೂಲೆ. ಇಲ್ಲಿ ನನ್ನ ಒಲೆ, ನನ್ನ ಮಾತು, ನನ್ನ ಸೊಕ್ಕು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಸಾವಕಾರರ ಅಂಗಡಿಗೆ ನಡೆದೆ. ಬಂಡಿಯವರು ಹತ್ತು ಮಂದಿ ಹಿಂದೆ ಬಂದರು. ಏನಾಗುತ್ತದೆ ನೋಡೋಣವೆಂದು ನಾಗಮ್ಮ ಬುಟ್ಟಿ ಸಮೇತ ಬಂದಳು.

ಸಾವಕಾರರು ದೊಡ್ಡ ಮನುಷ್ಯರು, ಮೆತ್ತಗೆ ಮಾತಾಡುತ್ತಾರೆ. "ಅಲ್ಲ ಅಜ್ಜಿ, ಕಲ್ಲು ಅಂದರೆ ಕಲ್ಲು. ಘಟ್ಟದ ಕಲ್ಲಿನ ನಡುವೆ ಅಂತರ ಹೆಚ್ಚು ಉಂಟಾ? ಸರಪಳಿ ಹಿಡಿದು ಅಳೆದದ್ದು."

"ಅಂತರ ಹೆಚ್ಚಿಲ್ರಿ. ನಿಮ್ಮ ದೋಣ್ಯಾಂವ ಇಳಿತದಾಗ ಕೆಸರಿನಾಗ ದೋಣಿ ನೂಕಬೇಕು ಅಂತ ಹೆಚ್ಚಿಗಿ ಕೇಳತಾನ. ಕೊಡತೀರೋ ಇಲ್ಲೋ?"

"ಕೊಡಬೇಕಲ್ಲ."

"ಆಗ ನೀರಿನ ಹಾದಿ ಉದ್ದ ಆಗಿರತೈತೇನ್ರಿ?"

ನಾಗಮ್ಮ ಹಿಂದೆ ನಿಂತು ಗೊಳ್ಳೆಂದು ನಕ್ಕಳು. ಸಾವಕಾರರು ಅವಳತ್ತ ಒಮ್ಮೆ ನೋಡಿದರು. ಆಮೇಲೆ ಅಂದರು, "ಸರಿ, ಹೆಚ್ಚು ಅಂದರೆ ಎಷ್ಟು? ನಿಮ್ಮವರು ಬಾಯಿಗೆ ಬಂದಷ್ಟು ಹೇಳ್ತಾರೆ. ಅಳತೆ ಬೇಕು."

ಅಳತೆ ನನ್ನಲ್ಲಿತ್ತು. ಐದು ಹಂಗಾಮು ಬುತ್ತಿ ಕಟ್ಟಿದವಳು ನಾನು. ಬಯಲಲ್ಲಿ ಒಬ್ಬ ಗಂಡಸಿಗೆ ಎರಡು ರೊಟ್ಟಿ ಕಟ್ಟಿದರೆ ಬಂಡಿ ಹತ್ತು ಕಲ್ಲು ದಾಟುತ್ತದೆ. ಅದೇ ಎರಡು ರೊಟ್ಟಿಗೆ ಘಟ್ಟದಲ್ಲಿ ಐದು ಕಲ್ಲು. ಮಜಲು ಎತ್ತಿನ ಹೊಟ್ಟೆಯ ಲೆಕ್ಕ, ಇದು ಮನುಷ್ಯನ ಹೊಟ್ಟೆಯ ಲೆಕ್ಕ. ಹೇಳಿದೆ.

ಸಾವಕಾರರು ನಕ್ಕರು. "ನಿಮ್ಮವರು ತಿನ್ನುವುದರಲ್ಲಿ ಗಟ್ಟಿಗರು. ಅದು ಲೆಕ್ಕವಾ?"

"ಹಂಗಾರ ನಿಮ್ಮ ಗುಮಾಸ್ತರನ್ನ ಕಳಸ್ರಿ. ಅವರ ಹೊಟ್ಟಿಂದ ಎಣಸೋಣು."

ಗುಮಾಸ್ತರೆಂದರೆ ಕಡ್ಡಿಯಂಥ ಮನುಷ್ಯ, ಅನ್ನ ತಿನ್ನುವಾಗಲೂ ಅಗುಳು ಎಣಿಸುವಂಥವರು. ನನಗೆ ಅಕ್ಷರ ಕಲಿಸಿದ ಪುಣ್ಯಾತ್ಮರು ಅವರೇ. ಅವರ ಮುಖ ನೋಡುವಂತಿತ್ತು. ಆದರೆ ಸಾವಕಾರರು ಹೂಂ ಎಂದುಬಿಟ್ಟರು. ನಾನು ಎಂಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಈರಪ್ಪ ಉಪ್ಪು ಹೇರಿದ ಬಂಡಿ ಹೂಡಿದ.

ಮೂರು ದಿನ ಬಂಡಿಯವರು ದಕ್ಕೆಯ ಮೇಲೆ ಕುಳಿತು ಕಾದರು. ನಾನು ಒಲೆ ಹಚ್ಚಿದೆ, ಆರಿಸಿದೆ. ಗಂಟು ಕಟ್ಟಬೇಕೋ ಬಿಚ್ಚಬೇಕೋ ತಿಳಿಯದೆ ಅರ್ಧ ಕಟ್ಟಿದ ಗಂಟನ್ನು ಮೂಲೆಯಲ್ಲಿಟ್ಟೆ. ಗುಮಾಸ್ತರು ಸಾವಕಾರರ ಮನುಷ್ಯ. ಒಂದು ರೊಟ್ಟಿ ಕಡಿಮೆ ಹೇಳಿದರೆ ಮುಗಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಬಂದರು. ಒಂದು ಚಪ್ಪಲಿ ಹರಿದಿತ್ತು, ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಗಾಲಿ ನೂಕಿದ್ದರು. ಎಲ್ಲರೆದುರು ಸಾವಕಾರರಿಗೆ ಹೇಳಿದರು.

"ಬಯಲಿನ ಹತ್ತು ಕಲ್ಲಿಗೆ ಎರಡು ತಿಂದೆ. ಘಟ್ಟದ ಐದು ಕಲ್ಲಿಗೆ ಎರಡು ತಿಂದೆ. ಆಮೇಲೆ ಮೂರನೆಯದಕ್ಕೂ ಕೈ ಹಾಕಿದೆ. ಅದು ನನ್ನ ಆಸೆ, ಲೆಕ್ಕಕ್ಕೆ ಹಿಡಿಯಬೇಡಿ."

ಬಂಡಿಯವರು ಹೋ ಎಂದು ಕೂಗಿದರು. "ಯಪ್ಪಾ ಗುಮಾಸ್ತರ, ಮೂರನೇದ್ದು ಹೊಟ್ಟಿಗಿ ಚಲೋ ಬಿತ್ತಿಲ್ರಿ?" ಎಂದ ಒಬ್ಬ. ಗುಮಾಸ್ತರು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಾವಕಾರರು ಮಾತಿಗೆ ತಪ್ಪಲಿಲ್ಲ. ಕಾಗದ ತರಿಸಿದರು. ಹೇರಿದ ಮಾಲಿಗೆ ಬಯಲಿನ ಕಲ್ಲಿಗೆ ಒಂದು ಪಾಲು ಬಾಡಿಗೆ, ಘಟ್ಟದ ಕಲ್ಲಿಗೆ ಎರಡು ಪಾಲು. ಮೇಲೆ ಕುಳಿತು ಬರುವವರಿಗೂ ಅದೇ: ಬಯಲಲ್ಲಿ ಕಲ್ಲಿಗೆ ಒಂದು ಪೈ, ಘಟ್ಟದಲ್ಲಿ ಎರಡು. ಎತ್ತಿಗೆ ಹಗುರಾಗಲೆಂದು ಘಟ್ಟದಲ್ಲಿ ಇಳಿದು ನಡೆದವರಿಗೆ ಒಂದೇ. ಇದು ನಾನು ಸೇರಿಸಿದ್ದು. "ಗೌಡರು ಕುಂತ್ರ?" ಎಂದು ಈರಪ್ಪ ಕೇಳಿದ. "ಗೌಡರಿಗೆ ಬೇರೆ ಕಲ್ಲು ನೆಟ್ಟಿದ್ದಾರಾ?" ಎಂದರು ಗುಮಾಸ್ತರು, ತಲೆ ಎತ್ತದೆ. ನಮ್ಮಲ್ಲಿ ಬಾಡಿಗೆಯನ್ನು ಗೊತ್ತು ಮಾಡುವುದು ಮುಖ. ಇಲ್ಲಿ ಒಂದು ತುಂಡು ಕಾಗದ, ಅದರ ಮೇಲೆ ನನ್ನ ರೊಟ್ಟಿ.

ತಂಗುವ ಜಾಗಗಳ ಹೆಸರು ಬರೆಯಬೇಕಾಗಿತ್ತು. "ಅಜ್ಜಿ, ಒಂದೊಂದಾಗಿ ಹೇಳು," ಎಂದರು. ಹೇಳಿದೆ. ಕುಮಟೆ, ಘಟ್ಟದ ಬುಡ, ಘಟ್ಟದ ತಲೆ, ಶಿರಸಿ, ಹುಬ್ಬಳ್ಳಿ, ಗದಗ, ರೋಣ, ಗಡ. ಹೊರಗೆ ಬಂದ ಮೇಲೆ ಈರಪ್ಪ ಮೆಲ್ಲಗೆ ಅಂದ.

"ಅಕ್ಕಾ, ಗಡದಿಂದ ಅಲ್ಲ, ಇಲ್ಲಿಂದ ಎಣಿಸಿದಿ."

"ಬಂಡಿ ಇಲ್ಲೇ ನಿಂತಾವಲ್ಲೋ."

"ಹೌದು, ಅದೂ ಖರೇನ," ಎಂದ. ಅವನ ದನಿ ನನಗೆ ಸೇರಲಿಲ್ಲ.

ಮರುದಿನ ಬಂಡಿಗಳು ಉಪ್ಪು, ತೆಂಗಿನಕಾಯಿ ಹೇರಿಕೊಂಡು ಹೊರಟವು. ತಿರುಗಿ ಬರುತ್ತೇವೆಂದೇ ಹೊರಟವು. ನಾನು ಏಕೋ ಈರಪ್ಪನ ಬಂಡಿ ಹತ್ತಿ ಕುಳಿತೆ. ಅವನು ಗೋಣಿ ಮಡಚಿ ಹಾಸಿದ. ಘಟ್ಟದ ಬುಡದವರೆಗೆ ಹೋದೆ. ಅಲ್ಲಿ ಎತ್ತು ಬಿಚ್ಚಿದರು. ಮರುದಿನ ಹೊತ್ತು ಮೂಡುವಾಗ ಹೆಚ್ಚಿನ ಜೋಡಿ ಹೂಡಿದರು.

"ಬರತಿಯೇನ?" ಎಂದ ಈರಪ್ಪ.

ಅಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ, ನಮ್ಮ ಎರೆಭೂಮಿಯೂ ಕಾಣುವುದಿಲ್ಲ. ಬರೀ ಮರ, ಎತ್ತಲೂ ಮರ. ಗಡದ ಮಾಳಿಗೆ ನೆನಪಾಯಿತು, ಬಿಸಿಲಿಗೆ ಒಣಗಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಂದಂತಾಯಿತು. ಇಳಿದು ನಿಂತೆ. "ಮುಂದಿನ ಸಲ ಬಿಳಿ ಜೋಳ ತಗೊಂಡು ಬಾ. ಈ ಸಲದ್ದು ಬರೀ ಹುಳ," ಎಂದೆ. ಅವನು ಹೊಡೆದುಕೊಂಡು ಹೋದ. ಗಾಲಿಯ ಸದ್ದು ಮರಗಳ ನಡುವೆ ಬಹಳ ಹೊತ್ತು ಕೇಳುತ್ತಿತ್ತು.

ಹೊತ್ತು ನೆತ್ತಿಗೆ ಬಂದಾಗ ಘಟ್ಟ ಇಳಿದು ನರಗುಂದದ ಒಂದು ಅರಳೆ ಬಂಡಿ ಬಂತು. ಬಂಡಿಯವನ ಗುರುತಿಲ್ಲ. ದಿಮ್ಮಿ ಬಿಚ್ಚಿ, ಎತ್ತಿಗೆ ನೀರು ಕುಡಿಸಿ ಹೊರಟವನನ್ನು ನಿಲ್ಲಿಸಿ ಹತ್ತಿದೆ.

"ಅಜ್ಜಿ, ಕಲ್ಲಿಗೆ ಒಂದು ಪೈ ಬೀಳತೈತಿ ಮತ್ತ. ಹೊಸಾ ಲೆಕ್ಕ. ಘಟ್ಟದಾಗ ಗಡದವರು ಎದುರಾಗಿ ಹೇಳಿದ್ರು."

ನನ್ನ ಬಾಯಿಂದ ಹೊರಟ ಲೆಕ್ಕ ನನಗಿಂತ ಮೊದಲೇ ಘಟ್ಟ ಹತ್ತಿ, ನರಗುಂದದವನ ಬಾಯಿಗೆ ಬಂದು, ಇಳಿದು ನನ್ನನ್ನೇ ಕೇಳುತ್ತಿತ್ತು. ಸೆರಗಿನ ಗಂಟು ಬಿಚ್ಚಿ ಹತ್ತು ಪೈ ಅವನ ಕೈಗೆ ಹಾಕಿದೆ. ಇಷ್ಟು ಸಂತೋಷದಿಂದ ನಾನು ಯಾರಿಗೂ ದುಡ್ಡು ಕೊಟ್ಟಿಲ್ಲ.

ಎರಡು ಕಲ್ಲು ದಾಟಿದ ಮೇಲೆ ತಿರುಗಿ ನೋಡಿದ. "ಮಾತು ನಮ್ಮ ಕಡೀವು ಅದಾವಲ್ಲ. ಯಾ ಊರವ್ವಾ ನಿಂದು?"

"ಕುಮಟಾಕ್ಕ ಹೊಂಟೀನಿ."

"ಹೊಂಟದ್ದು ಕಾಣತೈತಿ. ನಾ ಊರು ಕೇಳಿದೆ."

"ಎತ್ತು ಎಡಕ್ಕ ಜಗ್ಗಾಕತ್ತೈತಿ, ಹಾದಿ ನೋಡಿ ಹೊಡಿ," ಎಂದೆ.

ಹೊಡೆದ. ಉಳಿದ ಎಂಟು ಕಲ್ಲು ಅವನು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ.