ಒಂದು ಕುರ್ಚಿ ಹೆಚ್ಚಿಗೆ

ಬೆಳಗಿನ ಆರು ಗಂಟೆ. ನ್‌ಸುಕ್ಕಾ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಸಭಾಕೋಣೆಯಲ್ಲಿ ಜವಾನ ಎಝೆಮಾ ಉಗ್ವೊಕೆ ಕೆಂಪು ದೂಳು ಒರೆಸುತ್ತಿದ್ದಾರೆ. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಗೆ ಒರೆಸಿದಷ್ಟೂ ದೂಳು. ಆಮೇಲೆ ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಾರೆ. ಬರುವವರು ಹನ್ನೆರಡು ಮಂದಿ, ಕುರ್ಚಿ ಹದಿಮೂರು.

ಮೂವತ್ತೊಂದು ವರ್ಷದಿಂದ ಇದೇ ಲೆಕ್ಕ. ಒಳ್ಳೆಯ ಸಮಾಜ ಹೇಗಿರಬೇಕೆಂದು ಈ ಕೋಣೆಯಲ್ಲೇ ನಾನು ನಾಲ್ಕು ವರ್ಷ ವಾದಿಸಿದ್ದೇನೆ. ಆ ಖಾಲಿ ಕುರ್ಚಿ ಯಾಕೆಂದು ಒಮ್ಮೆಯೂ ಕೇಳಲಿಲ್ಲ. ನಾಚಿಕೆಯಾಗುತ್ತದೆ. ಇವತ್ತು ಕೇಳುತ್ತೇನೆ.

"ದೇಶ ಒಡೆದ ಯುದ್ಧದಾಗೆ ನಂಗೆ ಐದು ವರ್ಷ. ಹೊಸ ದೇಶ, ಎಲ್ಲಾರಿಗೂ ಜಾಗ ಅಂತ ಹಾಡ್ತಿದ್ರು. ನಾವೂ ಹಾಡ್ಕೊಂಡೇ ನಿರಾಶ್ರಿತರ ಶಿಬಿರಕ್ಕೆ ಹೋದ್ವಿ. ಬಾಗಿಲಾಗೆ ನಿಂತಿದ್ದೋನು ಒಳಗೆ ಜಾಗ ಇಲ್ಲ ಅಂದ. ಅವ್ವ, ನಾನು, ತಂಗಿ ಉಗೊಯೆ ಹೊರಗೇ ಮಲಗಿದ್ವಿ. ಬೆಳಗಾದಾಗ ಉಗೊಯೆ ಏಳಲಿಲ್ಲ."

ಇಷ್ಟು ಹೇಳಿ ಎಝೆಮಾ ಮತ್ತೆ ಬಟ್ಟೆ ಹಿಂಡುತ್ತಾರೆ.

ಇವತ್ತು ಅವರ ಮನಸ್ಸಿಗೆ ಸಮಾಧಾನವಿಲ್ಲ. ಈ ಕುರ್ಚಿಗಳ ಬದಲು ಸಾಲಾಗಿ ನೆಲಕ್ಕೆ ಬಿಗಿಯುವ ಬೆಂಚುಗಳು ಹೊರಗೆ ಬಂದು ಬಿದ್ದಿವೆ. ಸಭೆ ಮುಗಿದೊಡನೆ ಕೆಲಸ ಶುರು. ಬಿಗಿದ ಬೆಂಚಿಗೆ ಇನ್ನೊಂದು ಸೇರಿಸಲಾಗದು. ಶುಕ್ರವಾರ ಎಝೆಮಾ ನಿವೃತ್ತರಾಗುತ್ತಾರೆ.

ಹತ್ತಕ್ಕೆ ಸಭೆ ಕೂಡುತ್ತದೆ. ಕೋಣೆಯ ಹಿರಿಯ ಗಂಡಸು ಎಝೆಮಾ, ಹಾಗಾಗಿ ಸಭೆಗೆ ಮೊದಲು ಪ್ರಾರ್ಥಿಸಿ ಹಂಚುವ ಕೋಲಾ ಕಾಯಿಯ ತಟ್ಟೆ ಅವರ ಕೈಗೇ ಬರಬೇಕು. ಹೊಸ ಅಧ್ಯಾಪಕರೊಬ್ಬರು ಇಂಗ್ಲಿಷಿನಲ್ಲಿ ಪ್ರಾರ್ಥನೆ ಶುರುಮಾಡುತ್ತಾರೆ. ಎಝೆಮಾ ತಟ್ಟೆ ಎತ್ತಿಕೊಳ್ಳುತ್ತಾರೆ. "ಕೋಲಾಗೆ ಇಂಗ್ಲಿಷ್ ಬರಲ್ಲ ಸಾರ್. ಅದು ಶಾಲೆಗೆ ಹೋಗಿಲ್ಲ."

ಎಲ್ಲರೂ ನಗುತ್ತಾರೆ. ಎಝೆಮಾ ತಾಯ್ನುಡಿಯಲ್ಲೇ ಪ್ರಾರ್ಥಿಸುತ್ತಾರೆ: "ಹದ್ದೂ ಕೂರಲಿ, ಗರುಡವೂ ಕೂರಲಿ. ಇನ್ನೊಂದಕ್ಕೆ ಕೂರಬೇಡ ಅಂದದ್ದು, ಅದು ಎಲ್ಲಿ ಕೂರಬೇಕು ಅಂತ ತೋರಿಸಲಿ."

"ಪಾಪಾ, ನಮ್ಮೂರಲ್ಲಿ 'ಅದರ ರೆಕ್ಕೆ ಮುರೀಲಿ' ಅಂತಾರೆ," ಎನ್ನುತ್ತಾಳೆ ಇಂದು ಪ್ರಬಂಧ ಓದಲಿರುವ ವಿದ್ಯಾರ್ಥಿನಿ ಕೊಸಿ.

"ಮುರಿದ್ರೆ ಅದೂ ನೆಲಕ್ಕೇ ಬೀಳುತ್ತೆ ಮಗಳೇ. ಆಮೇಲೆ ಅದಕ್ಕೂ ನಾವೇ ಜಾಗ ಕೊಡಬೇಕಲ್ವಾ?"

ಕೊಸಿಯ ಪ್ರಬಂಧದ ಪ್ರಶ್ನೆ: ನಮ್ಮ ಚಿನ್ನದಂಥ ನಾಡು ಪೂರ್ವಿಕರ ಜೊತೆ ಹಿಂದೆ ಉಳಿದಿದೆಯೋ, ಮುಂದೆ ಬರಲಿದೆಯೋ? ವಾದ ಕಾವೇರುತ್ತದೆ. ಮೂಲೆಯಿಂದ ಎಝೆಮಾ ಕೆಮ್ಮುತ್ತಾರೆ. "ಹಿಂದಾದ್ರೂ ಇರಲಿ, ಮುಂದಾದ್ರೂ ಇರಲಿ. ಅಲ್ಲಿ ಬಾಗಿಲು ಕಾಯೋನು ಯಾರು ಅಂತ ಮೊದಲು ಕೇಳು."

ಕೊಸಿ ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ. ಅದೇ ಹೊತ್ತಿಗೆ ಬೆಂಚು ಬಿಗಿಯಲು ಬಂದ ಬಡಗಿ ಸಿಲಾಸ್ ಇಣುಕುತ್ತಾನೆ. "ಬಾರಯ್ಯ, ಕೂತ್ಕೋ," ಎಂದು ಎಝೆಮಾ ಖಾಲಿ ಕುರ್ಚಿ ತೋರಿಸಿ, ಕೋಲಾ ಚೂರು ಕೊಡುತ್ತಾರೆ. ಬಡಗಿ ಡ್ರಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಮುದುರಿ ಕೂರುತ್ತಾನೆ.

ವಿಭಾಗದ ಮುಖ್ಯಸ್ಥೆ ನ್ವಾಂಡೊ ಅವನನ್ನೇ ನೋಡುತ್ತಾರೆ, ಆ ಕುರ್ಚಿಯನ್ನೂ ನೋಡುತ್ತಾರೆ. "ಸಿಲಾಸ್, ಬೆಂಚುಗಳನ್ನ ಕೆಳಗಿನ ಹಾಲ್‌ಗೆ ಹಾಕಿಬಿಡು. ಈ ಕೋಣೆ ಹೀಗೇ ಇರಲಿ. ಮೇಲಿನವರಿಗೆ ನಾನು ಹೇಳ್ಕೋತೀನಿ."

ಎಝೆಮಾ ಖಾಲಿ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಾರೆ. ನನ್ನ ಕಣ್ಣೂ ತುಂಬುತ್ತದೆ.

ಶುಕ್ರವಾರದ ಬೀಳ್ಕೊಡುಗೆಗೆ ಏನು ಉಡುಗೊರೆ ಬೇಕೆಂದು ಅವರನ್ನು ಕೇಳುತ್ತೇನೆ.

"ಏನೂ ಬೇಡ. ನನ್ನ ಕೆಲಸಕ್ಕೆ ಬರೋನಿಗೆ ಒಂದು ಮಾತು ಹೇಳಿ. ಜನ ಎಣಿಸಿದ ಮೇಲೆ ಉಗೊಯೆನೂ ಎಣಿಸಬೇಕು."